ಇವತ್ತಿನ ಯಂತ್ರ, ಸಾವಿರಾರು ವರ್ಷದ ಬೇರು: ನೀವು ಕಂಡದ್ದು, ಓದಿದ್ದು ಹೇಳಿ

ತೀರ್ಥಹಳ್ಳಿ ಟೀಚರ್

ಎಲ್ಲರಿಗೂ ನಮಸ್ಕಾರ. ನಮ್ಮ ಕಡೆ ಈಗ ಊರೂರಿಗೆ ಶುದ್ಧ ಕುಡಿಯುವ ನೀರಿನ ಘಟಕ ಬಂದಿದೆ. ನಾಣ್ಯ ಹಾಕಿದರೆ ಕ್ಯಾನು ತುಂಬುತ್ತದೆ. ಮಕ್ಕಳಿಗೆ ಅದು ತೀರಾ ಹೊಸ ಕಾಲದ ಯಂತ್ರ. ಆದರೆ ನಾಣ್ಯ ಹಾಕಿದರೆ ನೀರು ಕೊಡುವ ಯಂತ್ರದ ವಿವರ ಕ್ರಿ.ಶ. 1ನೇ ಶತಮಾನದ ಬರಹದಲ್ಲೇ ಇದೆ. ಈಜಿಪ್ಟಿನ ಅಲೆಕ್ಸಾಂಡ್ರಿಯಾದಲ್ಲಿದ್ದ ಹೀರೋ ಎಂಬ ಗಣಿತಜ್ಞ ಅದನ್ನು ಬರೆದಿಟ್ಟಿದ್ದಾನೆ. ದೇವಸ್ಥಾನಕ್ಕೆ ಬಂದವರು ಐದು ದ್ರಾಕ್ಮಾ ನಾಣ್ಯವನ್ನು ಪೆಟ್ಟಿಗೆಯ ಸೀಳಿಗೆ ಹಾಕಬೇಕು. ಒಳಗೆ ತಕ್ಕಡಿ ದಂಡದಂಥ ಸನ್ನೆ, ಅದರ ಒಂದು ತುದಿಯಲ್ಲಿ ಚಪ್ಪಟೆ ತಟ್ಟೆ, ಇನ್ನೊಂದು ತುದಿಗೆ ನೀರಿನ ಕೊಳವೆಯ ಮುಚ್ಚಳ. ನಾಣ್ಯದ ಭಾರಕ್ಕೆ ತಟ್ಟೆ ಬಾಗಿದಾಗ ಮುಚ್ಚಳ ಎದ್ದು ನೀರು ಹರಿಯುತ್ತದೆ. ತಟ್ಟೆ ಇನ್ನೂ ಬಾಗಿ ನಾಣ್ಯ ಜಾರಿ ಬಿದ್ದ ಕೂಡಲೇ ಸನ್ನೆ ಮೊದಲಿನಂತಾಗಿ ನೀರು ನಿಲ್ಲುತ್ತದೆ. ಕೈಕಾಲು ತೊಳೆಯುವ ತೀರ್ಥಕ್ಕೆ ಈ ವ್ಯವಸ್ಥೆ.

ಇಷ್ಟು ಸರಳವಾದದ್ದು ಮತ್ತೆ ಬೀದಿಗೆ ಬರಲು 1880ರ ದಶಕದ ತನಕ ಕಾಯಬೇಕಾಯಿತು. ಆಗ ಲಂಡನ್ನಿನಲ್ಲಿ ಪೋಸ್ಟ್‌ಕಾರ್ಡ್ ಮಾರುವ ನಾಣ್ಯದ ಯಂತ್ರಗಳು ಬಂದವು. ನಡುವಿನ ಸಾವಿರದ ಎಂಟುನೂರು ವರ್ಷ ಏನಾಯಿತು ಎಂಬುದೇ ನನಗೆ ಯಂತ್ರಕ್ಕಿಂತ ದೊಡ್ಡ ಪ್ರಶ್ನೆ. ಒಂದು ಕಾರಣ ಹೊಳೆಯುತ್ತದೆ: ಒಂದೇ ತೂಕದ, ಒಂದೇ ಅಳತೆಯ ನಾಣ್ಯ ಎಲ್ಲರ ಜೇಬಿನಲ್ಲೂ ಇರದೆ ಇಂಥ ಯಂತ್ರ ದೇವಸ್ಥಾನದ ಬಾಗಿಲು ದಾಟಿ ಬರಲಾರದು.

ಫೆಬ್ರವರಿ 28ರ ವಿಜ್ಞಾನ ದಿನಕ್ಕೆ ಮಕ್ಕಳಿಂದ ಇದೇ ವಿಷಯದ ಪ್ರದರ್ಶನ ಮಾಡಿಸಬೇಕೆಂದಿದ್ದೇನೆ. ನಿಮಗೆ ಗೊತ್ತಿರುವುದನ್ನು ಬರೆಯಿರಿ. ಎರಡೇ ಕೋರಿಕೆ. ನೆಲದಿಂದ ಅಗೆದು ತೆಗೆದ ವಸ್ತುವಿರಬೇಕು, ಇಲ್ಲವೇ ಕಾಲ ಗೊತ್ತಿರುವ ಬರಹದಲ್ಲಿ ಮತ್ತೆ ಕಟ್ಟಿ ನೋಡುವಷ್ಟು ವಿವರವಿರಬೇಕು. ಜೊತೆಗೆ, ಹಳೆಯದರಲ್ಲಿ ಏನು ಇರಲಿಲ್ಲ ಎನ್ನುವುದನ್ನೂ ಬರೆಯಿರಿ. ಮಕ್ಕಳು ಕಲಿಯುವುದು ಅದರಿಂದಲೇ.

ಶಿವಮೊಗ್ಗ ಆಟೋ

ಮೇಡಂ, ಒಳ್ಳೆ ಕೆಲಸ. ನಮ್ಮ ಆಟೋ ಮೀಟರಿಗೂ ಇಂಥ ಮುತ್ತಜ್ಜ ಯಾರಾದ್ರೂ ಇದಾರಾ? ಚಕ್ರ ಎಷ್ಟು ಸುತ್ತು ತಿರುಗಿತು ಅಂತ ಎಣಿಸೋದು ತಾನೇ ಅದರ ಮೂಲ ಕೆಲಸ.

ಭದ್ರಾವತಿ ಫಿಟ್ಟರ್

ಇದಾರೆ ತಮ್ಮ, ಅದೂ ಎರಡು ಸಾವಿರ ವರ್ಷದ ಹಿಂದಿನವರು. ನಾನು ಫಿಟ್ಟರ್ ಕೆಲಸದಿಂದ ನಿವೃತ್ತನಾದವನು. ಗೇರಿನ ವಿಷಯ ಬಂದರೆ ಸುಮ್ಮನೆ ಇರೋಕೆ ಆಗಲ್ಲ, ಸ್ವಲ್ಪ ಉದ್ದ ಬರೀತೀನಿ.

ರೋಮಿನ ವಾಸ್ತುಶಿಲ್ಪಿ ವಿಟ್ರೂವಿಯಸ್ ಕ್ರಿ.ಪೂ. 1ನೇ ಶತಮಾನದಲ್ಲಿ ದೂರ ಅಳೆಯುವ ಗಾಡಿಯ ವಿವರ ಕೊಟ್ಟಿದ್ದಾನೆ. ಗಾಡಿ ಚಕ್ರದ ಅಡ್ಡಳತೆ ನಾಲ್ಕು ಅಡಿ. ಒಂದು ಸುತ್ತಿಗೆ ಗಾಡಿ ಹನ್ನೆರಡೂವರೆ ಅಡಿ ಮುಂದೆ ಹೋಗುತ್ತೆ. ಚಕ್ರದ ಗುಂಬಕ್ಕೆ ಒಂದೇ ಒಂದು ಹಲ್ಲು. ಅದು ಪ್ರತಿ ಸುತ್ತಿಗೂ 400 ಹಲ್ಲಿನ ಇನ್ನೊಂದು ಚಕ್ರವನ್ನು ಒಂದು ಹಲ್ಲಿನಷ್ಟು ತಳ್ಳುತ್ತೆ. 400 ಸುತ್ತು ಅಂದರೆ 5000 ಅಡಿ. ಅದು ಸರಿಯಾಗಿ ಒಂದು ರೋಮನ್ ಮೈಲಿ. ಆ ದೊಡ್ಡ ಚಕ್ರ ಒಂದು ಸುತ್ತು ಮುಗಿಸಿದಾಗ ಮೇಲೆ ಅಡ್ಡಲಾಗಿ ಕೂತ, ತೂತುಗಳಿರುವ ಇನ್ನೊಂದು ಚಕ್ರ ಸ್ವಲ್ಪ ಸರಿಯುತ್ತೆ. ತೂತಲ್ಲಿ ಇಟ್ಟ ಕಲ್ಲೊಂದು ಕೆಳಗಿನ ಕಂಚಿನ ಪಾತ್ರೆಗೆ ಟಣ್ ಅಂತ ಬೀಳುತ್ತೆ. ಸಂಜೆ ಕಲ್ಲು ಎಣಿಸಿದರೆ ಆ ದಿನ ಎಷ್ಟು ಮೈಲಿ ಬಂದ್ವಿ ಅಂತ ಗೊತ್ತಾಗುತ್ತೆ.

ಹಳೇ ಮೆಕ್ಯಾನಿಕಲ್ ಮೀಟರು ಬಿಚ್ಚಿ ನೋಡಿದವರಿಗೆ ಇದರಲ್ಲಿ ಹೊಸದೇನೂ ಕಾಣಲ್ಲ. ಒಂದು ಹಲ್ಲು ಪಕ್ಕದ ಚಕ್ರವನ್ನು ಒಂದು ಮನೆ ಸರಿಸೋದು, ಅದು ಪೂರ್ತಿ ಸುತ್ತಿದಾಗ ಮುಂದಿನದನ್ನು ಸರಿಸೋದು, ಅಷ್ಟೇ ಇರೋದು.

ಟೀಚರಮ್ಮ ಕೇಳಿದ ಹಾಗೆ, ಏನು ಇರಲಿಲ್ಲ ಅಂದರೆ ದರ ಲೆಕ್ಕ ಇರಲಿಲ್ಲ. ದೂರ ಗೊತ್ತಾಗುತ್ತಿತ್ತು, ಕಾಯುವ ಹೊತ್ತಿನ ಲೆಕ್ಕ ಇಲ್ಲ. ಅದಕ್ಕೆ ಗಾಡಿಯಲ್ಲೇ ಗಡಿಯಾರ ಕೂರಬೇಕು.

ಶಿವಮೊಗ್ಗ ಆಟೋ

400 ಹಲ್ಲಾ ಅಣ್ಣ? ಅಷ್ಟು ಸಣ್ಣ ಹಲ್ಲನ್ನು ಆ ಕಾಲದಲ್ಲಿ ಕೈಯಲ್ಲಿ ಕೊರೀತಿದ್ರಾ?

ಭದ್ರಾವತಿ ಫಿಟ್ಟರ್

ಕೊರೀತಿದ್ರು ಅನ್ನೋದಕ್ಕೆ ಸಾಕ್ಷಿ ಸಮುದ್ರದಿಂದಲೇ ಎದ್ದು ಬಂದಿದೆ. ಗ್ರೀಸಿನ ಆಂಟಿಕೀಥೆರಾ ದ್ವೀಪದ ಹತ್ತಿರ ಮುಳುಗಿದ್ದ ಹಡಗಿನಿಂದ 1901ರಲ್ಲಿ ಮುಳುಗುಗಾರರು ವಿಗ್ರಹ, ಪಾತ್ರೆಗಳ ಜೊತೆ ಒಂದು ತುಕ್ಕಿನ ಗಡ್ಡೆ ಎತ್ತಿದರು. 1902ರಲ್ಲಿ ಅದರೊಳಗೆ ಹಲ್ಲಿನ ಚಕ್ರ ಇರೋದು ಕಣ್ಣಿಗೆ ಬಿತ್ತು. ಆಮೇಲೆ ಎಕ್ಸ್‌ರೇ ಹಾಕಿ ನೋಡಿದಾಗ ಉಳಿದಿರೋದೇ ಮೂವತ್ತು ಕಂಚಿನ ಗೇರು. ಸುಮಾರು ಎರಡು ಸಾವಿರ ವರ್ಷಕ್ಕೂ ಹಳೇದು. ಒಂದು ಗೇರಿಗೆ 223 ಹಲ್ಲು. ಗ್ರಹಣಗಳು 223 ಚಾಂದ್ರಮಾಸಕ್ಕೆ, ಅಂದರೆ 18 ವರ್ಷ 11 ದಿನಕ್ಕೆ, ಅದೇ ಕ್ರಮದಲ್ಲಿ ಮತ್ತೆ ಬರುತ್ತವೆ. ಪಂಚಾಂಗದವರು ಕೂತು ಲೆಕ್ಕ ಹಾಕೋದನ್ನು ಇವರು ಹಿಡಿಕೆ ತಿರುಗಿಸಿ ಮುಳ್ಳಿನಲ್ಲಿ ತೋರಿಸುತ್ತಿದ್ದರು. ಈಗ ಅದು ಅಥೆನ್ಸಿನ ರಾಷ್ಟ್ರೀಯ ಪುರಾತತ್ವ ಸಂಗ್ರಹಾಲಯದಲ್ಲಿದೆ.

ನನ್ನ ಕಣ್ಣಿಗೆ ಬೀಳೋದು ಹಲ್ಲಿನ ಆಕಾರ. ಅವು ನೇರ ತ್ರಿಕೋನ, ಅರದಿಂದ ಉಜ್ಜಿ ತೆಗೆದ ಹಾಗೆ. ಈಗಿನ ಗೇರಿನ ಹಲ್ಲಿಗೆ ಬಾಗು ಇರುತ್ತೆ, ಅದಕ್ಕೇ ಅದು ಸವೆಯದೆ ಭಾರ ಹೊರುತ್ತೆ. ತ್ರಿಕೋನದ ಹಲ್ಲು ಲೆಕ್ಕ ತೋರಿಸೋಕೆ ಸಾಕು, ಗಿರಣಿ ಓಡಿಸೋಕೆ ಸಾಲದು. ಬುದ್ಧಿ ಪೂರ್ತಿ ಇತ್ತು, ಬಲ ಹೊರುವ ಹಲ್ಲು ಇರಲಿಲ್ಲ.

ನಗರದವನು

ಹೊಸನಗರ ತಾಲ್ಲೂಕಿನ ನಗರ ನಮ್ಮೂರು, ಹಿಂದಿನ ಬಿದನೂರು. ಕೆಳದಿ ಅರಸರ ರಾಜಧಾನಿಯಾಗಿದ್ದನ್ನು 1763ರಲ್ಲಿ ಹೈದರ್ ಅಲಿ ಗೆದ್ದುಕೊಂಡ. ನಾನು ಹೇಳಲಿಕ್ಕೆ ಹೊರಟಿರೋದು ರಾಕೆಟ್ಟಿನ ಬಗ್ಗೆ.

2018ರಲ್ಲಿ ನಮ್ಮ ಕೋಟೆಯ ಹತ್ತಿರ ಪಾಳು ಬಾವಿಯೊಂದರಿಂದ ಸಾವಿರಕ್ಕೂ ಹೆಚ್ಚು ಕಬ್ಬಿಣದ ರಾಕೆಟ್ ಕೊಳವೆಗಳನ್ನು ಪುರಾತತ್ವ ಇಲಾಖೆಯವರು ಅಗೆದು ತೆಗೆದರು. ಹೈದರ್, ಟಿಪ್ಪು ಕಾಲದ ಮೈಸೂರು ರಾಕೆಟ್ಟುಗಳು ಇಷ್ಟು ದೊಡ್ಡ ಸಂಖ್ಯೆಯಲ್ಲಿ ಜಗತ್ತಿನಲ್ಲಿ ಬೇರೆಲ್ಲೂ ಸಿಕ್ಕಿಲ್ಲ. ನೋಡಬೇಕು ಅನ್ನುವವರು ಶಿವಮೊಗ್ಗದ ಶಿವಪ್ಪ ನಾಯಕ ಅರಮನೆಯ ಸಂಗ್ರಹಾಲಯಕ್ಕೆ ಹೋಗಿ.

ಮದ್ದು ತುಂಬಿದ ಕೊಳವೆಯನ್ನು ಬಾಣಕ್ಕೆ ಕಟ್ಟಿ ಹಾರಿಸುವುದು 13ನೇ ಶತಮಾನದ ಚೀನಾದಲ್ಲೇ ಇತ್ತು. ಅಲ್ಲಿಂದ ಅದು ಎಲ್ಲ ಕಡೆ ಹರಡಿತು. ಆದರೆ ಆ ಕೊಳವೆ ಕಾಗದದ್ದೋ ಬಿದಿರಿನದ್ದೋ ಆಗಿತ್ತು. ಒಳಗಿನ ಒತ್ತಡ ಹೆಚ್ಚಾದರೆ ಕೊಳವೆಯೇ ಒಡೆದುಹೋಗುತ್ತದೆ, ಹಾಗಾಗಿ ಮದ್ದು ಒಂದು ಮಿತಿಯಲ್ಲೇ ಇರಬೇಕು. ಮೈಸೂರಿನವರು ಮೆತು ಕಬ್ಬಿಣದ ತಗಡು ಸುತ್ತಿ ಕೊಳವೆ ಮಾಡಿದರು. ಒತ್ತಡ ತಡೆದುಕೊಂಡಿತು, ಮದ್ದು ಗಟ್ಟಿಯಾಗಿ ತುಂಬಬಹುದಾಯಿತು, ಸುಮಾರು ಎರಡು ಕಿಲೋಮೀಟರ್ ದೂರಕ್ಕೆ ಹೋಯಿತು. ದಿಕ್ಕು ತಪ್ಪದಿರಲು ಉದ್ದ ಬಿದಿರಿನ ಗಳ. 1780ರ ಪೊಳ್ಳಿಲೂರು ಯುದ್ಧದಲ್ಲಿ ಬ್ರಿಟಿಷರಿಗೆ ಇದರ ಬಿಸಿ ಚೆನ್ನಾಗಿಯೇ ತಟ್ಟಿತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಸಿಕ್ಕಿದ ರಾಕೆಟ್ಟುಗಳು ಇಂಗ್ಲೆಂಡಿಗೆ ಹೋದವು. ಅಲ್ಲಿ ವಿಲಿಯಂ ಕಾಂಗ್ರೀವ್ ಅವುಗಳಿಂದ ಕಲಿತು ತನ್ನ ರಾಕೆಟ್ ಮಾಡಿದ, 1807ರಲ್ಲಿ ಕೋಪನ್‌ಹೇಗನ್ ನಗರದ ಮೇಲೆ ಅವು ಬಿದ್ದವು.

ಇನ್ನೂರೈವತ್ತು ವರ್ಷವನ್ನು ಟೀಚರ್ ಪ್ರಾಚೀನ ಅಂತ ಒಪ್ಪುತ್ತಾರೋ ಇಲ್ಲವೋ. ಆದರೆ ಮಕ್ಕಳಿಗೆ ಬಸ್ಸು ಹತ್ತಿ ಹೋಗಿ ಕಣ್ಣಾರೆ ನೋಡಬಹುದಾದ ವಸ್ತು ಇದು.

ತೀರ್ಥಹಳ್ಳಿ ಟೀಚರ್

ಖಂಡಿತ ಒಪ್ಪುತ್ತೇನೆ. ಚೀನಾದ ಬಾಣ ಹಳೆಯದು, ನಮ್ಮ ಕಬ್ಬಿಣದ ಕೊಳವೆ ಅದಕ್ಕೆ ಸೇರಿದ ಹೊಸದು. ಎರಡನ್ನೂ ಬಿಡಿಸಿ ಹೇಳಿದ್ದೀರಿ, ಮಕ್ಕಳಿಗೆ ಇದನ್ನೇ ಮಾದರಿಯಾಗಿ ಕೊಡುತ್ತೇನೆ. ಆ ಕಬ್ಬಿಣದ ಬಗ್ಗೆಯೂ ಯಾರಾದರೂ ಬರೆಯಬಹುದೇ?

ಭದ್ರಾವತಿ ಫಿಟ್ಟರ್

ಕಬ್ಬಿಣ ಅಂದರೆ ನಮ್ಮೂರು, ನಾನೇ ಬರೀಬೇಕು.

ಶಿವಮೊಗ್ಗಕ್ಕೆ ಹತ್ತಿರದಲ್ಲೇ, ತುಂಗಭದ್ರೆಯ ದಡದ ಹಳ್ಳೂರಿನಲ್ಲಿ 1960ರ ದಶಕದಲ್ಲಿ ಉತ್ಖನನ ನಡೀತು. ಈಗ ಅದು ಹಾವೇರಿ ಜಿಲ್ಲೆ. ಅಲ್ಲಿ ಸಿಕ್ಕಿದ ಕಬ್ಬಿಣದ ವಸ್ತುಗಳು ಸುಮಾರು ಮೂರು ಸಾವಿರ ವರ್ಷ ಹಳೇವು. ಅದಾದ ಮೇಲೆ ಬಂದಿದ್ದು ದಕ್ಷಿಣ ಭಾರತದ ಮೂಸೆ ಉಕ್ಕು. ಜೇಡಿಮಣ್ಣಿನ ಮೂಸೆಯಲ್ಲಿ ಕಬ್ಬಿಣದ ತುಂಡು, ಅದರ ಜೊತೆ ತಂಗಡಿ ಗಿಡದ ಕಟ್ಟಿಗೆ ಚೂರು, ಮೇಲೆ ಎಕ್ಕದ ಎಲೆ. ಬಾಯಿಯನ್ನು ಮಣ್ಣಿನಿಂದ ಮೆತ್ತಿ, ಇದ್ದಿಲಿನ ಕುಲುಮೆಯಲ್ಲಿ ಗಂಟೆಗಟ್ಟಲೆ ತಿದಿ ಊದೋದು. ಕಟ್ಟಿಗೆ, ಎಲೆಯ ಇಂಗಾಲ ಕಬ್ಬಿಣದೊಳಗೆ ಸೇರಿ ನೂರಕ್ಕೆ ಒಂದೂವರೆ ಭಾಗದಷ್ಟಾಗುತ್ತೆ. ಇಂಗಾಲ ಸೇರಿದಷ್ಟೂ ಕಬ್ಬಿಣ ಕಡಿಮೆ ಶಾಖಕ್ಕೇ ಕರಗುತ್ತೆ, ಅದಕ್ಕೇ ಅಷ್ಟು ಸಣ್ಣ ಕುಲುಮೆಯಲ್ಲೂ ಉಕ್ಕು ನೀರಾಗ್ತಿತ್ತು. 1800-01ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಇಂಥ ಕುಲುಮೆಗಳನ್ನು ನಿಂತು ನೋಡಿ ಬರೆದಿದ್ದಾನೆ. ಡಮಾಸ್ಕಸ್ ಕತ್ತಿಗೆ ಹೋಗ್ತಿದ್ದ ಉಕ್ಕು ಇದೇ. ವಿದ್ಯುತ್ತಿನ ಮೈಕೇಲ್ ಫ್ಯಾರಡೆ ಇದಾನಲ್ಲ, ಅವನೂ ಚಿಕ್ಕ ವಯಸ್ಸಿನಲ್ಲಿ ಈ ಉಕ್ಕಿನ ಗುಟ್ಟು ಬಿಡಿಸೋಕೆ ಕೂತಿದ್ದ.

ಒಂದು ಸಂಗತಿ ನನ್ನ ಮನಸ್ಸಿಗೆ ಬಹಳ ಹತ್ತಿರ. ವಿಶ್ವೇಶ್ವರಯ್ಯನವರ ಮುತುವರ್ಜಿಯಿಂದ ಭದ್ರಾವತಿಯಲ್ಲಿ 1923ರಲ್ಲಿ ಬೀಡು ಕಬ್ಬಿಣ ಇಳಿಸಿದ ಊದು ಕುಲುಮೆ ಓಡಿದ್ದೂ ಕಲ್ಲಿದ್ದಲಿನಿಂದಲ್ಲ, ನಮ್ಮ ಕಾಡಿನ ಕಟ್ಟಿಗೆಯ ಇದ್ದಿಲಿನಿಂದ. ಇಪ್ಪತ್ತನೇ ಶತಮಾನದ ಕಾರ್ಖಾನೆ, ಉರುವಲು ಮೂರು ಸಾವಿರ ವರ್ಷ ಹಿಂದಿನದ್ದೇ. ಹೊಸದೇನಪ್ಪ ಅಂದರೆ ಅಲ್ಲಿ ಹೊಗೆಯನ್ನೂ ಬಿಡಲಿಲ್ಲ. ಕಟ್ಟಿಗೆಯನ್ನು ಮುಚ್ಚಿದ ಪಾತ್ರೆಯಲ್ಲಿ ಸುಟ್ಟು, ಆವಿಯನ್ನು ತಣಿಸಿ ಟಾರು, ಅಸಿಟಿಕ್ ಆಮ್ಲ, ಮರದ ಆಲ್ಕೋಹಾಲು ತೆಗೀತಿದ್ರು. ಆ ಹೊಗೆಯೊಳಗೆ ಇಷ್ಟೆಲ್ಲ ಇದೆ ಅಂತ ಹಳೇ ಕುಲುಮೆಯವರಿಗೆ ಕಾಣೋ ಹಾಗಿರಲಿಲ್ಲ. ಆದರೆ ಇದಕ್ಕೆಲ್ಲ ಬೆಲೆ ತೆತ್ತಿದ್ದು ಮಲೆನಾಡಿನ ಕಾಡು, ಅದನ್ನೂ ಮಕ್ಕಳಿಗೆ ಹೇಳಿ.

ಶಿಕಾರಿಪುರದಿಂದ

ಎಲ್ಲರೂ ಗ್ರೀಸು ರೋಮು ಅಂತೀರಿ. ನಮ್ಮಲ್ಲಿ ವಿಮಾನವೇ ಇತ್ತಲ್ಲ? ವೈಮಾನಿಕ ಶಾಸ್ತ್ರದಲ್ಲಿ ಚಿತ್ರ ಸಮೇತ ಇದೆ. ಬಾಗ್ದಾದಿನಲ್ಲಿ ಎರಡು ಸಾವಿರ ವರ್ಷದ ಬ್ಯಾಟರಿ ಸಿಕ್ಕಿದೆ ಅಂತಲೂ ಓದಿದೀನಿ. ಇವನ್ನು ಯಾಕೆ ಯಾರೂ ಎತ್ತುತ್ತಿಲ್ಲ?

ತೀರ್ಥಹಳ್ಳಿ ಟೀಚರ್

ನೀವು ಕೇಳಿದ್ದು ಒಳ್ಳೆಯದಾಯಿತು, ಪ್ರದರ್ಶನದಲ್ಲಿ ಪೋಷಕರು ಇದನ್ನು ಕೇಳಿಯೇ ಕೇಳುತ್ತಾರೆ.

ವೈಮಾನಿಕ ಶಾಸ್ತ್ರವನ್ನು ಆನೇಕಲ್ಲಿನ ಪಂಡಿತ ಸುಬ್ಬರಾಯ ಶಾಸ್ತ್ರಿಗಳು ಹೇಳಿ ಬರೆಸಿದ್ದು 20ನೇ ಶತಮಾನದ ಆರಂಭದ ದಶಕಗಳಲ್ಲಿ. ಅದರಲ್ಲಿರುವ ಚಿತ್ರಗಳೂ ಆ ಕಾಲದಲ್ಲೇ ಬೆಂಗಳೂರಿನಲ್ಲಿ ಬರೆಸಿದವು. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಐವರು ಅದನ್ನು ಸಾಲು ಸಾಲಾಗಿ ಪರೀಕ್ಷಿಸಿದರು. ಭಾಷೆಯ ಲಕ್ಷಣದಿಂದ ಅದು ಪ್ರಾಚೀನ ಗ್ರಂಥವಲ್ಲ, ಅದರಲ್ಲಿ ಹೇಳಿರುವ ಆಕಾರ, ತೂಕದ ಯಾವ ವಿಮಾನವೂ ಹಾರಲಾರದು ಎಂದು ತೋರಿಸಿದರು. ನಮ್ಮವರೇ, ನಮ್ಮ ಸಂಸ್ಥೆಯಲ್ಲೇ, ಹಾರಾಟದ ಗಣಿತ ಹಾಕಿ ನೋಡಿ ಹೇಳಿದ ಮಾತು ಅದು. ಕಾವ್ಯದಲ್ಲಿ ಪುಷ್ಪಕ ಇದೆ, ಅದರ ಸೊಗಸನ್ನು ಕಾವ್ಯವಾಗಿ ಸವಿಯೋಣ. ಆದರೆ ಮಕ್ಕಳ ಕೈಯಲ್ಲಿ ಯಂತ್ರ ಅಂತ ಕೊಟ್ಟರೆ, ನಗರದ ಬಾವಿಯ ನಿಜವಾದ ರಾಕೆಟ್ಟಿನ ಮೇಲೂ ಅವರಿಗೆ ನಂಬಿಕೆ ಹೋಗುತ್ತದೆ. ಅದೇ ನನ್ನ ಭಯ.

ಶಂಕರಘಟ್ಟ ವಿದ್ಯಾರ್ಥಿನಿ

ಬಾಗ್ದಾದ್ ವಿಷಯ ನಾನು ಹೇಳ್ತೀನಿ. 1936ರಲ್ಲಿ ಬಾಗ್ದಾದ್ ಹತ್ತಿರ ಒಂದು ಮಣ್ಣಿನ ಕುಡಿಕೆ ಸಿಕ್ಕಿತು. ಒಳಗೆ ತಾಮ್ರದ ಕೊಳವೆ, ಅದರ ನಡುವೆ ಕಬ್ಬಿಣದ ಸರಳು, ಬಾಯಿಗೆ ಡಾಂಬರಿನ ಬಿರಡೆ. ಹುಳಿ ಹಾಕಿದರೆ ಒಂದು ವೋಲ್ಟಿನೊಳಗೆ ವಿದ್ಯುತ್ ಬರೋದು ನಿಜ, ಈಗ ಮಾಡಿ ನೋಡಿದವರಿದ್ದಾರೆ. ಆದರೆ ಅದರಿಂದ ಬ್ಯಾಟರಿ ಆಗಿತ್ತು ಅಂತ ಆಗೋದಿಲ್ಲ. ತಾಮ್ರದ ಕೊಳವೆಯ ತುದಿಯನ್ನು ಡಾಂಬರು ಪೂರ್ತಿ ಮುಚ್ಚಿದೆ, ತಂತಿ ಕಟ್ಟೋಕೆ ಜಾಗವೇ ಇಲ್ಲ. ತಂತಿಯೂ ಸಿಕ್ಕಿಲ್ಲ, ಅದರಿಂದ ನಡೆಸಿದ ಯಾವ ಸಾಧನವೂ ಸಿಕ್ಕಿಲ್ಲ. ಅದೇ ಸೀಮೆಯಲ್ಲಿ ಸಿಕ್ಕ ಇಂಥದ್ದೇ ಕುಡಿಕೆಗಳಲ್ಲಿ ಪಪೈರಸ್ ಸುರುಳಿಯ ಅವಶೇಷ ಇತ್ತು. ಬರಹ ಕಾಪಾಡುವ ಪಾತ್ರೆ ಅನ್ನೋದೇ ಹೆಚ್ಚು ಹೊಂದುತ್ತೆ. ಬ್ಯಾಟರಿಯ ಇತಿಹಾಸ 1800ರ ವೋಲ್ಟಾನಿಂದಲೇ ಶುರು.

ಹೊಸಹಳ್ಳಿ ಗಮಕಿ

ಶಿಕಾರಿಪುರದವರಿಗೆ ನಮ್ಮಲ್ಲಿ ಏನಿತ್ತು ಎಂಬ ಹಂಬಲವಿದೆ, ಅದು ಸಹಜವೇ. ಅನುಮಾನಕ್ಕೆ ಎಡೆಯಿಲ್ಲದ್ದೊಂದು ನಮ್ಮಲ್ಲಿದೆ. ಅದು ಲೋಹದ್ದಲ್ಲ, ಛಂದಸ್ಸಿನದ್ದು.

ಕಂಪ್ಯೂಟರು ಎಲ್ಲವನ್ನೂ ಎರಡೇ ಚಿಹ್ನೆಗಳಲ್ಲಿ ಬರೆಯುತ್ತದೆ. ಯೂರೋಪಿನಲ್ಲಿ ಲೈಬ್ನಿಟ್ಸ್ ದ್ವಿಮಾನ ಪದ್ಧತಿಯ ಲೇಖನ ಪ್ರಕಟಿಸಿದ್ದು 1703ರಲ್ಲಿ. ಕ್ರಿಸ್ತಪೂರ್ವದ ಕಡೆಯ ಶತಮಾನಗಳ ಪಿಂಗಳನ ಛಂದಃಶಾಸ್ತ್ರದಲ್ಲಿ ಲಘು, ಗುರು ಎಂಬ ಎರಡೇ ಚಿಹ್ನೆಗಳಿಂದ ಎಷ್ಟು ವೃತ್ತಗಳು ಸಾಧ್ಯ ಎಂದು ಎಣಿಸುವ ಕ್ರಮವಿದೆ. ಶಾಲೆಯಲ್ಲಿ ಪ್ರಸ್ತಾರ ಹಾಕಿದ್ದು ನಿಮಗೆಲ್ಲ ನೆನಪಿರಬೇಕು. ಮೂರಕ್ಷರದ ಗಣಕ್ಕೆ ಎಂಟು ಸಾಲು: ಮೊದಲನೆಯದು ಮೂರೂ ಗುರು, ಮಗಣ. ಎಂಟನೆಯದು ಮೂರೂ ಲಘು, ನಗಣ.

ಈಗ ಸೊಗಸು ನೋಡಿ. ಪೂರ್ತಿ ಪಟ್ಟಿ ಬರೆಯದೆಯೇ ಆರನೆಯ ಸಾಲು ಯಾವುದು ಎಂದು ಕಂಡುಹಿಡಿಯಬಹುದು. ಇದಕ್ಕೆ ನಷ್ಟ ಎನ್ನುತ್ತಾರೆ. ಸಂಖ್ಯೆ ಸಮವಾದರೆ ಲಘು ಬರೆದು ಅರ್ಧ ಮಾಡಿ. ಬೆಸವಾದರೆ ಗುರು ಬರೆದು, ಒಂದು ಕೂಡಿಸಿ ಅರ್ಧ ಮಾಡಿ. ಆರು ಸಮ, ಲಘು. ಅರ್ಧ ಮೂರು, ಬೆಸ, ಗುರು. ಒಂದು ಕೂಡಿಸಿ ಅರ್ಧ ಮಾಡಿದರೆ ಎರಡು, ಸಮ, ಲಘು. ಬಂದದ್ದು ಲಘು, ಗುರು, ಲಘು: ಜಗಣ. ಪಟ್ಟಿ ಬರೆದು ಎಣಿಸಿದರೂ ಆರನೆಯದು ಅದೇ. ಸಂಖ್ಯೆಯೊಂದನ್ನು ಎರಡರಿಂದ ಭಾಗಿಸುತ್ತಾ ದ್ವಿಮಾನಕ್ಕೆ ತಿರುಗಿಸಲು ಇವತ್ತು ಪಿಯುಸಿಯಲ್ಲಿ ಕಲಿಸುವುದು ಈ ದಾರಿಯನ್ನೇ.

ಇನ್ನೊಂದು. ಗಣಗಳನ್ನು ನೆನಪಿಡಲು ಬಾಯಿಪಾಠ ಮಾಡಿದ ‘ಯಮಾತಾರಾಜಭಾನಸಲಗಂ’ ಸೂತ್ರದ ಯಾವುದೇ ಮೂರು ಅಕ್ಷರ ಸಾಲಾಗಿ ತೆಗೆದುಕೊಳ್ಳಿ. ಯಮಾತಾ ಯಗಣ, ಮಾತಾರಾ ಮಗಣ, ತಾರಾಜ ತಗಣ, ಹೀಗೆ ಸಲಗಂ ತನಕ. ಎಂಟೂ ಗಣ ಬರುತ್ತವೆ, ಒಂದೂ ಎರಡು ಸಲ ಬರುವುದಿಲ್ಲ. ಹತ್ತೇ ಅಕ್ಷರದಲ್ಲಿ ಇದಕ್ಕಿಂತ ಬಿಗಿಯಾಗಿ ಕಟ್ಟಲು ಸಾಧ್ಯವೇ ಇಲ್ಲ. ಇಂಥ ಸರಣಿಗಳನ್ನು ಗಣಿತಜ್ಞರು ಡಿ ಬ್ರೌನ್ ಸರಣಿ ಎಂದು ಕರೆದು ಸಂಕೇತ ವಿದ್ಯೆಯಲ್ಲಿ ಬಳಸುತ್ತಾರೆ.

ಟೀಚರ್ ಕೇಳಿದ ಎರಡನೆಯ ಪ್ರಶ್ನೆಗೂ ಉತ್ತರ ಕೊಡಬೇಕು. ಪಿಂಗಳ ಇದನ್ನು ಕೂಡು-ಕಳೆ ಲೆಕ್ಕಕ್ಕೆ ಬಳಸಲಿಲ್ಲ, ಯಂತ್ರಕ್ಕೂ ಅಲ್ಲ. ಅವನಿಗೆ ಬೇಕಿದ್ದದ್ದು ಪದ್ಯದ ನಡೆ. ಹಾಗಾಗಿ ಕಂಪ್ಯೂಟರ್ ನಮ್ಮಲ್ಲಿತ್ತು ಎಂದರೆ ತಪ್ಪು. ಎರಡೇ ಚಿಹ್ನೆಯಲ್ಲಿ ಎಲ್ಲವನ್ನೂ ಕ್ರಮವಾಗಿ ಎಣಿಸುವ ವಿಧಾನ ನಮ್ಮಲ್ಲಿತ್ತು ಎಂದರೆ ಅಕ್ಷರಶಃ ನಿಜ.

ಶಿವಮೊಗ್ಗ ಆಟೋ

ಸ್ಟ್ಯಾಂಡಲ್ಲಿ ಕೂತು ಕಾಗದದ ಮೇಲೆ ಹಾಕಿ ನೋಡಿದೆ. ಎಂಟೂ ಗಣ ಬಂತು. ನಮ್ಮ ಹೈಸ್ಕೂಲ್ ಮೇಷ್ಟ್ರು ಇದನ್ನು ಹೇಳಿಕೊಟ್ಟಿದ್ರೆ ಆಗಲೇ ಕಲೀತಿದ್ದೆ.

ಸಾಗರದ ತೋಟದಿಂದ

ಮಲೆನಾಡಿನವರು ನೀರಿನ ಬಗ್ಗೆ ಹೇಳದಿದ್ದರೆ ಹೇಗೆ? ಗುಡ್ಡದ ಮೇಲಿನ ಒರತೆಯಿಂದ ಅಡಿಕೆ ಮರ ಸೀಳಿದ ದಬ್ಬೆಯಲ್ಲಿ ನೀರು ಬಚ್ಚಲ ತನಕ ಹರಿದು ಬರುತ್ತಿತ್ತು. ಈಗ ಅದೇ ದಾರಿಯಲ್ಲಿ ಕಪ್ಪು ಪೈಪು. ಕೆಳದಿ ಅರಸರ ಕಾಲದ ನಗರದ ದೇವಗಂಗೆ ಕೊಳಗಳಿಗೆ ಇವತ್ತೂ ಗುಡ್ಡದ ನೀರು ತಾನಾಗೇ ಇಳಿದು ಬರುತ್ತದೆ.

ಆದರೆ ನೀರು ತರುವುದಕ್ಕಿಂತ ಹೊರಗೆ ಕಳಿಸುವುದು ಕಷ್ಟ. ಮೊಹೆಂಜೊದಾರೊದಲ್ಲಿ ಸುಮಾರು ನಾಲ್ಕೂವರೆ ಸಾವಿರ ವರ್ಷದ ಹಿಂದೆಯೇ ಮನೆಮನೆಗೆ ಬಚ್ಚಲಿತ್ತು. ಇಟ್ಟಿಗೆ ನೆಲಕ್ಕೆ ಒಂದು ಕಡೆ ಇಳಿಜಾರು, ಗೋಡೆಯಲ್ಲಿ ಮಣ್ಣಿನ ಕೊಳವೆ, ಬೀದಿಯಲ್ಲಿ ಇಟ್ಟಿಗೆ, ಕಲ್ಲು ಹಾಸಿ ಮುಚ್ಚಿದ ಚರಂಡಿ, ನಡುನಡುವೆ ಹೂಳು ತೆಗೆಯಲು ಗುಂಡಿ. ಅಲ್ಲಿನ ದೊಡ್ಡ ಸ್ನಾನದ ಕೊಳ 12 ಮೀಟರ್ ಉದ್ದ, 7 ಮೀಟರ್ ಅಗಲ. ನೀರು ಸೋರದಂತೆ ಇಟ್ಟಿಗೆಯ ಹಿಂದೆ ಡಾಂಬರಿನ ಪದರ. ನಮ್ಮ ಪೇಟೆಗಳಲ್ಲಿ ಇವತ್ತೂ ಬಾಯಿ ತೆರೆದ ಚರಂಡಿ ನೋಡುವಾಗ ಆ ಜನರ ಶಿಸ್ತಿಗೆ ಕೈ ಮುಗಿಯಬೇಕು ಅನ್ನಿಸುತ್ತದೆ.

ಅವರಲ್ಲಿ ಇಲ್ಲದ್ದು ಒಂದೇ, ವಾಸನೆ ತಡೆಯುವ ದಾರಿ. ಕೊಳವೆಯನ್ನು ಬಾಗಿಸಿ ಆ ಬಾಗಿನಲ್ಲಿ ಸ್ವಲ್ಪ ನೀರು ನಿಲ್ಲಿಸಿದರೆ ಚರಂಡಿಯ ಗಾಳಿ ಮೇಲೆ ಬರುವುದಿಲ್ಲ. ಅಲೆಕ್ಸಾಂಡರ್ ಕಮ್ಮಿಂಗ್ ಎಂಬ ಗಡಿಯಾರ ಮಾಡುವವ 1775ರಲ್ಲಿ ಇದಕ್ಕೆ ಪೇಟೆಂಟ್ ಪಡೆದ. ಕಮೋಡಿನ ಕೆಳಗೆ, ಕೈತೊಳೆಯುವ ಬೇಸಿನ್ನಿನ ಕೆಳಗೆ ಇರುವ ಬಾಗು ಅದೇ. ಶೌಚ ಮನೆಯೊಳಗೆ ಬಂದದ್ದು ಆ ಒಂದು ಬಾಗಿನಿಂದ.

ಆಗುಂಬೆ ಹುಡುಗ

ಫ್ರಿಜ್ಜಿಗೂ ಹಳೇ ಕಥೆ ಇದ್ಯಾ? ಇರಾನಿನ ಮರುಭೂಮಿಯಲ್ಲಿ ಎರಡು ಸಾವಿರ ವರ್ಷದ ಹಿಂದೆಯೇ ಮಂಜುಗಡ್ಡೆ ಇಡ್ತಿದ್ರು ಅಂತ ಕೇಳಿದೀನಿ. ಹಾಗಿದ್ರೆ ಇಷ್ಟು ತಂಪಿರೋ ನಮ್ಮ ಆಗುಂಬೆಯಲ್ಲಿ ಯಾಕೆ ಯಾರೂ ಮಾಡಿಲ್ಲ?

ಶಂಕರಘಟ್ಟ ವಿದ್ಯಾರ್ಥಿನಿ

ತಮ್ಮಾ, ಪ್ರಶ್ನೆ ಚೆನ್ನಾಗಿದೆ. ಇರಾನಿನ ಯಖ್‌ಚಾಲ್ ಅಂದರೆ ದಪ್ಪ ಮಣ್ಣಿನ ಗುಮ್ಮಟ, ಕೆಳಗೆ ಆಳವಾದ ಗುಂಡಿ. ಚಳಿಗಾಲದ ರಾತ್ರಿ ಪಕ್ಕದ ತೆಳು ಕೊಳದಲ್ಲಿ ನೀರು ಹೆಪ್ಪುಗಟ್ಟಿಸಿ ಬೇಸಿಗೆಗೆ ಅದರೊಳಗೆ ಕೂಡಿಡ್ತಿದ್ರು. ನಮ್ಮ ದೇಶದಲ್ಲೂ ಇತ್ತು. ಅಲಹಾಬಾದಿನಲ್ಲಿ ಮಂಜುಗಡ್ಡೆ ಮಾಡುವುದನ್ನು ರಾಬರ್ಟ್ ಬಾರ್ಕರ್ 1775ರಲ್ಲಿ ವಿವರಿಸಿದ್ದಾನೆ. ಬಯಲಿನಲ್ಲಿ ಎರಡಡಿ ಆಳದ ಅಗಲ ಗುಂಡಿ, ತಳಕ್ಕೆ ಕಬ್ಬು ಅಥವಾ ಒಣಗಿದ ಜೋಳದ ದಂಟು, ಅದರ ಮೇಲೆ ಸಾಲಾಗಿ ಮಣ್ಣಿನ ತೆಳು ತಟ್ಟೆಗಳಲ್ಲಿ ಕಾಯಿಸಿ ಆರಿಸಿದ ನೀರು. ಸೂರ್ಯ ಹುಟ್ಟುವ ಮೊದಲೇ ಮಂಜುಗಡ್ಡೆ ಆರಿಸಿಕೊಳ್ಳೋದು.

ಗಾಳಿಯ ಉಷ್ಣತೆ ಸೊನ್ನೆಗೆ ಇಳಿಯದಿದ್ದರೂ ನೀರು ಹೆಪ್ಪುಗಟ್ತಿತ್ತು, ಅದೇ ಇದರ ವಿಶೇಷ. ನೀರು ತನ್ನ ಶಾಖವನ್ನು ತೆರೆದ ಆಕಾಶಕ್ಕೆ ಸೂಸುತ್ತೆ. ಒಣ ದಂಟು ನೆಲದ ಶಾಖ ಮೇಲೆ ಬರದಂತೆ ತಡೆಯುತ್ತೆ. ತಟ್ಟೆ ಒಸರಿ ಆವಿಯಾಗುವಾಗ ಇನ್ನಷ್ಟು ತಣಿಯುತ್ತೆ. ಇದಕ್ಕೆ ಮೋಡವಿಲ್ಲದ ಆಕಾಶ, ಒಣ ಗಾಳಿ ಎರಡೂ ಬೇಕು. ನಿಮ್ಮೂರಿನ ಗಾಳಿಯಲ್ಲಿ ನೀರಿನ ಅಂಶವೇ ತುಂಬಿದೆ. ಅದು ಸೂಸಿದ ಶಾಖವನ್ನು ಹಿಡಿದು ಕೆಳಗೇ ವಾಪಸ್ ಕಳಿಸುತ್ತೆ, ಆವಿಯಾಗೋಕೂ ಬಿಡಲ್ಲ. ಅದಕ್ಕೇ ಆಗುಂಬೆಯಲ್ಲಿ ಇಬ್ಬನಿ ಸುರಿಯುತ್ತೆ, ಮಂಜುಗಡ್ಡೆ ಆಗಲ್ಲ.

ಶಿಕಾರಿಪುರದಿಂದ

ನಾನೂ ಒಂದು ಸೇರಿಸ್ತೀನಿ. ನಮ್ಮ ಹಳೇ ಮನೆ ಅಟ್ಟದಲ್ಲಿ ಹೆಂಚಿನ ಸಣ್ಣ ತೂತಿನಿಂದ ಬಿಸಿಲು ಬಿದ್ದಾಗ ಎದುರು ಗೋಡೆ ಮೇಲೆ ಅಂಗಳದ ತೆಂಗಿನ ಮರ ತಲೆಕೆಳಗಾಗಿ ಕಾಣುತ್ತೆ. ಹಂಪಿಯ ವಿರೂಪಾಕ್ಷ ದೇವಸ್ಥಾನದಲ್ಲಿ ಗೋಪುರದ ತಲೆಕೆಳಗಾದ ನೆರಳು ಎಲ್ಲರೂ ನೋಡಿರ್ತೀರಿ. ಕ್ಯಾಮೆರಾದ ಮೂಲ ಇದೇ ಅಲ್ವಾ?

ತೀರ್ಥಹಳ್ಳಿ ಟೀಚರ್

ಇದೇ, ಇದೇ! ಚೀನಾದ ಮೋಜಿ ಪಂಥದವರು ಕ್ರಿ.ಪೂ. 4ನೇ ಶತಮಾನದ ಹೊತ್ತಿಗೇ ಕಾರಣ ಬರೆದಿದ್ದಾರೆ. ಬೆಳಕು ನೇರವಾಗಿ ಹೋಗುವುದರಿಂದ ತಲೆಯ ಬೆಳಕು ತೂತು ದಾಟಿ ಕೆಳಕ್ಕೂ ಪಾದದ ಬೆಳಕು ಮೇಲಕ್ಕೂ ಬೀಳುತ್ತದೆ. 11ನೇ ಶತಮಾನದಲ್ಲಿ ಇಬ್ನ್ ಅಲ್ ಹೈಥಮ್ ಇದನ್ನು ಪ್ರಯೋಗ ಮಾಡಿ ಬೆಳೆಸಿದ. ಚಿತ್ರ ಬೀಳಿಸುವುದು ಗೊತ್ತಿತ್ತು, ಅದನ್ನು ಹಿಡಿದಿಡುವ ರಾಸಾಯನಿಕ ಇರಲಿಲ್ಲ. ಅದು 1820ರ ದಶಕದಲ್ಲಿ ಫ್ರಾನ್ಸಿನ ನೀಪ್ಸ್ ಕೈಯಲ್ಲಿ ಆಯಿತು. ನಿಮ್ಮ ಅಟ್ಟದ ಫೋಟೋ ಇದ್ದರೆ ದಯವಿಟ್ಟು ಹಾಕಿ. ಮಕ್ಕಳಿಗೆ ಪಾಠ ಮಾಡಲು ಇದಕ್ಕಿಂತ ಬೇರೆ ಬೇಕಿಲ್ಲ.

ಹೊಳೆಹೊನ್ನೂರು ಸಿಸ್ಟರ್

ಆಸ್ಪತ್ರೆ ಕೆಲಸದವಳು ನಾನು, ಚಿಕ್ಕದಾಗಿ ಹೇಳಿ ಹೋಗ್ತೀನಿ. ಕತ್ತರಿಸಿ ಹೋದ ಮೂಗನ್ನು ಕೆನ್ನೆಯ ಚರ್ಮದಿಂದ ಮತ್ತೆ ಕಟ್ಟುವ ಕ್ರಮ ಸುಶ್ರುತ ಸಂಹಿತೆಯಲ್ಲಿದೆ. ಟಿಪ್ಪುವಿನ ಜೊತೆಗಿನ 1792ರ ಯುದ್ಧದಲ್ಲಿ ಸೆರೆ ಸಿಕ್ಕು ಮೂಗು ಕಳೆದುಕೊಂಡ ಕವಾಸ್‌ಜೀ ಎಂಬ ಎತ್ತಿನ ಗಾಡಿಯವನಿಗೆ ಪುಣೆ ಕಡೆಯ ನಾಟಿ ವೈದ್ಯನೊಬ್ಬ ಹಣೆಯ ಚರ್ಮ ಇಳಿಸಿ ಮೂಗು ಮಾಡಿದ. 1794ರಲ್ಲಿ ಲಂಡನ್ನಿನ ಪತ್ರಿಕೆಯಲ್ಲಿ ಆ ಸುದ್ದಿ ಚಿತ್ರ ಸಮೇತ ಬಂತು. ಅದನ್ನು ಓದಿ ಜೋಸೆಫ್ ಕಾರ್ಪ್ಯೂ 1814ರಲ್ಲಿ ಅಲ್ಲಿ ಅದೇ ಶಸ್ತ್ರಚಿಕಿತ್ಸೆ ಮಾಡಿದ. ಚರ್ಮವನ್ನು ಬುಡದಲ್ಲಿ ಪೂರ್ತಿ ಕತ್ತರಿಸದೆ ರಕ್ತದ ಹರಿವು ಉಳಿಸಿಕೊಂಡೇ ತಿರುಗಿಸುವುದು ಇದರ ಜೀವಾಳ, ಇವತ್ತೂ ಹಾಗೇ ಮಾಡ್ತಾರೆ. ಅವತ್ತು ಇಲ್ಲದ್ದು ಅರಿವಳಿಕೆ. ಆ ನೋವು ತಡೆದುಕೊಂಡವರನ್ನು ನೆನೆದರೆ ಕರುಳು ಹಿಂಡುತ್ತೆ.

ಕೊಪ್ಪದ ಬಡಗಿ

ಬೀಗದ ಬಗ್ಗೆ ಯಾರೂ ಬರೆದಿಲ್ಲ. ಬಾಗಿಲು ಮಾಡೋದು ನಮ್ಮ ಮನೆ ಕಸುಬು, ಅದಕ್ಕೇ ಬರೀತಾ ಇದೀನಿ.

ಈಗ ಎಲ್ಲರ ಬಾಗಿಲಿಗೂ ಇರುವ, ಚಪ್ಪಟೆ ಕೀಲಿಯ ಬೀಗಕ್ಕೆ ಲೈನಸ್ ಯೇಲ್ ಎಂಬ ಅಮೆರಿಕದವನು 1861ರಲ್ಲಿ ಪೇಟೆಂಟ್ ಪಡೆದ. ಆದರೆ ಅದರ ಒಳಗುಟ್ಟು ಮರದ್ದು. ಬಾಗಿಲಿಗೆ ಅಡ್ಡ ಹೋಗುವ ಮರದ ಲಾಳ. ಅದರ ಮೇಲಿನ ಮರದ ದಿಮ್ಮಿಯಲ್ಲಿ ನೇರ ತೂತುಗಳು, ತೂತುಗಳಲ್ಲಿ ಸಡಿಲವಾದ ಗೂಟಗಳು. ಲಾಳ ತಳ್ಳಿದಾಗ ಗೂಟಗಳು ತಮ್ಮ ಭಾರಕ್ಕೇ ಲಾಳದ ಕುಳಿಗೆ ಬಿದ್ದು ಹಿಡಿದುಕೊಳ್ಳುತ್ತವೆ. ಕೀಲಿ ಅಂದರೆ ಹಲ್ಲುಜ್ಜುವ ಬ್ರಷ್ಷಿನ ಹಾಗೆ, ತುದಿಯಲ್ಲಿ ಮೇಲ್ಮುಖವಾಗಿ ಕಡ್ಡಿ ನೆಟ್ಟ ಮರದ ಪಟ್ಟಿ. ಲಾಳದ ಪೊಳ್ಳಿಗೆ ತೂರಿಸಿ ಎತ್ತಿದರೆ ಗೂಟಗಳು ಮೇಲಕ್ಕೆ ಹೋಗಿ ಲಾಳ ಬಿಡುತ್ತೆ.

ಇಂಥ ಬೀಗ ಇರಾಕಿನ ಖೋರ್ಸಾಬಾದ್ ಅರಮನೆಯ ಅವಶೇಷದಲ್ಲಿ ಸಿಕ್ಕಿತು. ಅದು ನಾಲ್ಕು ಸಾವಿರ ವರ್ಷ ಹಳೇದು ಅಂತ ಎಲ್ಲ ಕಡೆ ಬರೀತಾರೆ, ಅದನ್ನು ಹಾಗೇ ತಗೋಬೇಡಿ. ಆ ಅರಮನೆ ಕಟ್ಟಿಸಿದವನೇ ಕ್ರಿ.ಪೂ. 8ನೇ ಶತಮಾನದ ಎರಡನೇ ಸಾರ್ಗಾನ್. ಅರಮನೆಗಿಂತ ಬೀಗ ಹಳೇದು ಹೇಗಾಗುತ್ತೆ? ಎರಡು ಸಾವಿರದ ಏಳುನೂರು ವರ್ಷ ಅಂದರೆ ಸರಿ, ಅದೇನು ಕಡಿಮೆಯಾ?

ತೀರ್ಥಹಳ್ಳಿ ಟೀಚರ್

ನಮ್ಮ ಅಗಳಿಗೂ ಇದಕ್ಕೂ ಏನು ವ್ಯತ್ಯಾಸ? ಮಕ್ಕಳು ಇದನ್ನು ಮಾಡಬಹುದೇ?

ಕೊಪ್ಪದ ಬಡಗಿ

ಅಗಳಿ ಗೋಡೆಯ ಕುಳಿಯೊಳಗೆ ಸರಿಯುವ ಅಡ್ಡಮರ, ಅಷ್ಟೇ ಟೀಚರ್. ಒಳಗಿದ್ದವರು ಹಾಕಬಹುದು, ತೆಗೆಯಬಹುದು. ಹೊರಗಿನಿಂದ ತೆಗೆಯೋಕೆ ದಾರಿಯಿಲ್ಲ, ಹಾಗಾಗಿ ಮನೆಯಲ್ಲಿ ಒಬ್ಬರು ಇರಲೇಬೇಕು. ಗೂಟದ ಬೀಗ ಬಂದ ಮೇಲೆ ಮನೆ ಮಂದಿಯೆಲ್ಲ ಬಾಗಿಲು ಹಾಕಿ ಜಾತ್ರೆಗೆ ಹೋಗಬಹುದು. ಯೇಲ್ ಮಾಡಿದ್ದು ಇಷ್ಟು: ಗೂಟವನ್ನು ಎರಡು ತುಂಡು ಮಾಡಿ ಹಿಂದೆ ಸ್ಪ್ರಿಂಗ್ ಇಟ್ಟ. ಕೀಲಿಯ ಕಚ್ಚು ಸರಿಯಿದ್ದರೆ ಎಲ್ಲ ತುಂಡುಗಳ ನಡುವಿನ ಸಂದು ಒಂದೇ ಗೆರೆಗೆ ಬಂದು ಒಳಗಿನ ಉರುಳೆ ತಿರುಗುತ್ತೆ. ಮರದ ಬೀಗದಲ್ಲಿ ಗೂಟವನ್ನು ಬೇಕಾದ್ದಕ್ಕಿಂತ ಹೆಚ್ಚು ಎತ್ತಿದರೂ ನಡೆಯುತ್ತೆ, ಇದರಲ್ಲಿ ಕೂದಲೆಳೆ ಹೆಚ್ಚಾದರೂ ತಿರುಗಲ್ಲ. ಅದಕ್ಕೇ ಸ್ಪ್ರಿಂಗಿನ ಬೀಗ ಜೇಬಿಗೆ ಹಿಡಿಯುವ ಕೀಲಿಯಲ್ಲೇ ಭದ್ರ.

ಮಕ್ಕಳು ಖಂಡಿತ ಮಾಡಬಹುದು. ದಿಮ್ಮಿಗೂ ಲಾಳಕ್ಕೂ ಹಲಸಿನ ಮರ ತಗೊಳ್ಳಿ, ಕೆತ್ತೋಕೆ ಸುಲಭ, ಬೇಗ ಸೊಟ್ಟ ಆಗಲ್ಲ. ಗೂಟಕ್ಕೆ ಬೀಟೆಯ ಚೂರು ಸಿಕ್ಕಿದರೆ ಒಳ್ಳೇದು, ಭಾರ ಇರೋದ್ರಿಂದ ಚೆನ್ನಾಗಿ ಬೀಳುತ್ತೆ. ಮೂರು ಗೂಟ ಸಾಕು, ಸಾಲಾಗಿ ಬೇಡ, ತ್ರಿಕೋನವಾಗಿ ಇಡಿ. ಮಧ್ಯೆ ಒಂದು ಕಡೆ ಗಾಜು ಅಥವಾ ಪ್ಲಾಸ್ಟಿಕ್ ಹಾಳೆ ಕೂರಿಸಿದರೆ ಒಳಗೆ ಗೂಟ ಏಳೋದು ನೋಡುವವರಿಗೆ ಕಾಣುತ್ತೆ. ಫೆಬ್ರವರಿಯಲ್ಲಿ ಮರ ಒಣಗಿರುತ್ತೆ, ತೊಂದರೆ ಆಗಲ್ಲ. ಮಳೆಗಾಲದಲ್ಲೂ ಶಾಲೆಯಲ್ಲಿ ಇಟ್ಟುಕೊಳ್ಳೋದಾದರೆ ಈಗಲೇ ತೂತನ್ನು ಗೂಟಕ್ಕಿಂತ ಒಂದು ನೂಲು ದೊಡ್ಡದು ಕೊರೆಸಿ, ಇಲ್ಲದಿದ್ದರೆ ಜೂನಿನಲ್ಲಿ ಮರ ಉಬ್ಬಿ ಗೂಟ ಮೇಲೇ ನಿಂತುಬಿಡುತ್ತೆ.